ಬಾಡಿಗೆ ಮನೆಯ ಒಡೆಯ: ನಮ್ಮ ಸಾಹಿತ್ಯ ಕಂಡಂತೆ

ನಮ್ಮ ಕಾದಂಬರಿಗಳಲ್ಲಿ ಜಮೀನ್ದಾರನಿದ್ದಾನೆ, ಶಾನುಭೋಗನಿದ್ದಾನೆ, ಬಡ್ಡಿ ಸಾಹುಕಾರನಿದ್ದಾನೆ. ಪಟೇಲನಂತೂ ಹೆಜ್ಜೆಗೊಬ್ಬ ಸಿಗುತ್ತಾನೆ. ತಾನಿರುವ ಮನೆಯ ಮೇಲೆ ಸಾಲಸೋಲ ಮಾಡಿ ಒಂದು ಮಹಡಿ ಎಬ್ಬಿಸಿ, ಅದನ್ನು ಬಾಡಿಗೆಗೆ ಕೊಟ್ಟು, ತಿಂಗಳ ಐದನೆಯ ತಾರೀಖಿನಂದು ಮೆಟ್ಟಿಲ ಸದ್ದಿಗೆ ಕಿವಿಗೊಟ್ಟು ಕುಳಿತಿರುವ ಚಿಕ್ಕ ಮನೆಯೊಡೆಯ ಮಾತ್ರ ಅಪರೂಪ. ಬಂದರೂ ಬಾಡಿಗೆದಾರನ ಕಥೆಯಲ್ಲಿ ಅರ್ಧ ಪುಟದ ಮಟ್ಟಿಗೆ ಬಂದು, ನಲ್ಲಿಯ ನೀರಿನ ವಿಷಯದಲ್ಲಿ ಕೂಗಾಡಿ, ಮರೆಯಾಗುತ್ತಾನೆ. ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ನಗರಕ್ಕೆ ಬಂದ ನಮ್ಮ ಲೇಖಕರಲ್ಲಿ ಬಹುಮಂದಿ ಬರೆಯುವ ವಯಸ್ಸಿನಲ್ಲಿ ಬಾಡಿಗೆ ಮನೆಯಲ್ಲಿದ್ದರು. ಸ್ವಂತ ಮನೆಯಾಗುವ ಹೊತ್ತಿಗೆ ಕೈಯ ಬಿಸಿ ಆರಿತ್ತು.

ಗಾದೆಗಾರನೂ ಇವನನ್ನು ಮರೆತ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದವನು ಕಟ್ಟಿದ ಮನೆಯನ್ನು ಬಾಡಿಗೆಗೆ ಕೊಟ್ಟು ನೋಡು ಎನ್ನಲಿಲ್ಲ. ಆದರೆ ಭಾಷೆ ಮರೆತಿಲ್ಲ. ‘ಒಕ್ಕಲು’ ಎಂಬ ನಮ್ಮ ಮಾತನ್ನೇ ನೋಡಿ. ಬೇರೆಯವರ ನೆಲದಲ್ಲಿ ಉಳುವವನು ಒಕ್ಕಲು. ಬೇರೆಯವರ ಮನೆಯಲ್ಲಿ ಬಿಡಾರ ಹೂಡಿದವನೂ ಒಕ್ಕಲು. ಸ್ವಂತ ಮನೆ ಕಟ್ಟಿ ಹಾಲುಕ್ಕಿಸಿ ಒಳಗೆ ಹೋಗುವುದು ಒಕ್ಕಲಾಗುವುದು. ಇದ್ದವರನ್ನು ಹೊರಗೆ ಹಾಕುವುದು ಒಕ್ಕಲೆಬ್ಬಿಸುವುದು. ಒಡೆತನ, ವಾಸ, ಎತ್ತಂಗಡಿ ಮೂರನ್ನೂ ಒಂದೇ ಬೇರಿನಿಂದ ಚಿಗುರಿಸಿದ ಭಾಷೆಯ ಅನುಭವ ಸಣ್ಣದಲ್ಲ. ಈ ಅನುಭವ ನಮ್ಮ ಗದ್ಯದಲ್ಲಿ ಎಷ್ಟರಮಟ್ಟಿಗೆ ಮೂಡಿದೆ ಎಂಬುದೇ ಇಲ್ಲಿಯ ಪ್ರಶ್ನೆ.

ವಿಮರ್ಶಕನಾದವನು ತನ್ನ ಹಿತಾಸಕ್ತಿಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನೂ ಒಬ್ಬ ಮನೆಯೊಡೆಯ. ಮೈಸೂರಿನಲ್ಲಿ ನಮ್ಮ ತಂದೆ ಕಟ್ಟಿಸಿದ ಮನೆ. ಕೆಳಗೆ ನಾವು, ಮಹಡಿಯಲ್ಲಿ ಒಂದು ಸಂಸಾರ, ಹಿತ್ತಿಲ ಎರಡು ಕೋಣೆಗಳಲ್ಲಿ ಇನ್ನೊಂದು. ಕಾಲೇಜಿನಲ್ಲಿ ಪಂಪನ ಪಾಠ ಮುಗಿಸಿ ಬಂದರೆ ಮನೆಯ ಮುಂದೆ ಕೊಳಾಯಿ ರಿಪೇರಿಯವನು ಕಾದಿರುತ್ತಾನೆ. ಮಹಡಿಯ ಬಚ್ಚಲ ನೀರು ನಮ್ಮ ಅಡುಗೆಮನೆಯ ತಾರಸಿಯಲ್ಲಿ ನಕ್ಷೆ ಬರೆಯುತ್ತದೆ. ಅದು ತಮ್ಮ ಬಚ್ಚಲದ್ದಲ್ಲ, ಮಳೆಯದು ಎಂದು ಮೇಲಿನವರು ಬೇಸಗೆಯಲ್ಲೂ ವಾದಿಸುತ್ತಾರೆ. ಮೋಟಾರು ಯಾರು ಹಾಕಬೇಕು, ಯಾರು ಆರಿಸಬೇಕು, ತೊಟ್ಟಿ ತುಂಬಿ ಹರಿದರೆ ಕರೆಂಟಿನ ದುಡ್ಡು ಯಾರದು ಎಂಬುದರ ಮೇಲೆ ನಡೆದ ತರ್ಕವನ್ನು ಬರೆದಿಟ್ಟಿದ್ದರೆ ಒಂದು ಶಾಸ್ತ್ರಗ್ರಂಥವಾಗುತ್ತಿತ್ತು. ಬಾಡಿಗೆ ಏರಿಸುವ ಮಾತನ್ನು ಎತ್ತಲು ಒಳ್ಳೆಯ ಗಳಿಗೆ ಎಂಬುದು ಯಾವ ಪಂಚಾಂಗದಲ್ಲೂ ಇಲ್ಲ. ಹಾಗೆಂದು ನಷ್ಟದ ಲೆಕ್ಕವೊಂದನ್ನೇ ಹೇಳಿದರೆ ಸುಳ್ಳಾದೀತು. ಹಿತ್ತಿಲ ಮನೆಯ ಹುಡುಗ ನಮ್ಮ ವರಾಂಡದಲ್ಲಿ ಕುಳಿತು ಎಸ್ಸೆಸ್ಸೆಲ್ಸಿಗೆ ಓದಿ ಈಗ ತಾನೇ ಮೇಷ್ಟರಾಗಿದ್ದಾನೆ. ಅಮ್ಮ ಬಿದ್ದ ರಾತ್ರಿ ಆಟೋ ತಂದವರು ನೆಂಟರಲ್ಲ, ಮಹಡಿಯವರು.

ಈಗ ಗ್ರಂಥಗಳ ಮಾತು. ಈ ಜಗತ್ತನ್ನು ಕನ್ನಡದಲ್ಲಿ ಇಡಿಯಾಗಿ ಕಂಡ ಕಾದಂಬರಿ ನಿರಂಜನರ ‘ರಂಗಮ್ಮನ ವಠಾರ’. 1950ರ ದಶಕದ ಬೆಂಗಳೂರು, ಒಂದು ವಠಾರ, ಅದರ ಒಡತಿ ವಯಸ್ಸಾದ ವಿಧವೆ. ಕಥೆ ತೆರೆದುಕೊಳ್ಳುವುದು ವಠಾರದ ಒಂದು ಮನೆಯಲ್ಲಾದ ಸಾವಿನಿಂದ. ಸಾವಾಯಿತು ಎಂದರೆ ಒಡತಿಯ ಪಾಲಿಗೆ ಒಂದು ಮನೆ ತೆರವಾಯಿತು ಎಂದೂ ಅರ್ಥ. ದುಃಖವೂ ಬಾಡಿಗೆಯ ಚಿಂತೆಯೂ ಒಂದೇ ಎದೆಯಲ್ಲಿ ಪಕ್ಕಪಕ್ಕಕ್ಕೆ ಕೂರುವ ಈ ಸ್ಥಿತಿಯನ್ನು ಬೇರೊಬ್ಬ ಲೇಖಕ ಕ್ರೌರ್ಯವೆಂದು ತೋರಿಸಿ ಕೈತೊಳೆದುಕೊಳ್ಳುತ್ತಿದ್ದ. ನಿರಂಜನರು ಹಾಗೆ ಮಾಡುವುದಿಲ್ಲ.

ಇದು ಸಾಮಾನ್ಯ ಸಂಗತಿಯಲ್ಲ. ಇದೇ ಲೇಖಕರು 1955ರಲ್ಲಿ ‘ಚಿರಸ್ಮರಣೆ’ ಬರೆದವರು. ಕಯ್ಯೂರಿನ ರೈತರ ಹೋರಾಟವನ್ನೂ, 1943ರಲ್ಲಿ ನಾಲ್ವರು ಗಲ್ಲಿಗೇರಿದ್ದನ್ನೂ ಕನ್ನಡದ ನೆನಪಿನಲ್ಲಿ ನಿಲ್ಲಿಸಿದವರು. ಅಲ್ಲಿ ಭೂಮಿಯ ಒಡೆಯ ಯಾರು, ಒಕ್ಕಲು ಯಾರು, ಲೇಖಕ ಯಾರ ಕಡೆ ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಅಂಥವರು ಬೆಂಗಳೂರಿನ ವಠಾರಕ್ಕೆ ಬಂದಾಗ, ಒಡೆತನವೆಲ್ಲ ಒಂದೇ ಜಾತಿಯದೆಂದು ಲೆಕ್ಕ ಹಾಕಲಿಲ್ಲ. ರಂಗಮ್ಮನಿಗೆ ಬಾಡಿಗೆಯೆಂದರೆ ಲಾಭವಲ್ಲ, ಜೀವನ. ಗಂಡನಿಲ್ಲದ ಹೆಂಗಸಿಗೆ ಸಂಬಳವಿಲ್ಲ, ನಿವೃತ್ತಿವೇತನವಿಲ್ಲ, ನಾಲ್ಕು ಗೋಡೆಗಳಿವೆ. ಆ ಗೋಡೆಗಳೇ ಅನ್ನ ಹಾಕಬೇಕು. ಅವಳ ಜಿಪುಣತನ, ಗದರಿಕೆ, ಎಲ್ಲರ ಮನೆಯ ಸುದ್ದಿಗೂ ಇಣುಕುವ ಚಾಳಿ ಇವೆಲ್ಲ ಈ ಒಂದು ಭಯದಿಂದ ಹುಟ್ಟಿದವು. ತತ್ತ್ವನಿಷ್ಠರಾದ ಲೇಖಕರು ತತ್ತ್ವದ ಚೌಕಟ್ಟಿಗೆ ಒಗ್ಗದ ವ್ಯಕ್ತಿಯನ್ನು ಕಣ್ಣಿಟ್ಟು ನೋಡಿದಾಗ ಎಂಥ ಫಲ ದೊರೆಯುತ್ತದೆ ಎಂಬುದಕ್ಕೆ ಇದು ನಿದರ್ಶನ. ದೋಷವಿಲ್ಲವೆಂದಲ್ಲ. ಸಂಸಾರಗಳ ಸಂಖ್ಯೆ ಹೆಚ್ಚಾಗಿ ಕೆಲವರು ಮುಖ ಮೂಡುವ ಮೊದಲೇ ಗುಂಪಿನಲ್ಲಿ ಕಳೆದುಹೋಗುತ್ತಾರೆ. ಆದರೆ ವಠಾರದಲ್ಲಿ ಬೆಳೆದವರು ಇದನ್ನೂ ಕ್ಷಮಿಸಿಯಾರು. ಅಲ್ಲಿ ನಿಜಕ್ಕೂ ಹಾಗೆಯೇ.

ಇದರ ಪಕ್ಕಕ್ಕೆ, ಇಂಗ್ಲಿಷಿನಲ್ಲಿ ಬರೆದರೂ ನಮ್ಮ ಮೈಸೂರಿನವರೇ ಆದ ಆರ್. ಕೆ. ನಾರಾಯಣರ ‘ಮ್ಯಾನ್ ಈಟರ್ ಆಫ್ ಮಾಲ್ಗುಡಿ’ಯನ್ನು ಇಟ್ಟು ಓದಬೇಕು. ಇಲ್ಲಿ ಹೆದರಿದವನು ಒಡೆಯ. ಮುದ್ರಣಾಲಯದ ನಟರಾಜನ ಅಟ್ಟಕ್ಕೆ ವಾಸು ಎಂಬ ದಾಂಡಿಗ ನುಗ್ಗಿ ಬೀಡುಬಿಡುತ್ತಾನೆ. ಕಾಡುಮೃಗಗಳನ್ನು ಕೊಂದು, ಚರ್ಮಕ್ಕೆ ಹೊಟ್ಟು ತುಂಬುವುದು ಅವನ ಕಸಬು. ಬಾಡಿಗೆಯ ಮಾತೇ ಇಲ್ಲ. ಬಿಟ್ಟುಹೋಗು ಎನ್ನಲು ಧೈರ್ಯ ತಂದುಕೊಂಡರೆ, ತನ್ನನ್ನು ಅನ್ಯಾಯವಾಗಿ ಹೊರಗೆ ಹಾಕುತ್ತಿದ್ದಾನೆಂದು ವಾಸುವೇ ಬಾಡಿಗೆ ನಿಯಂತ್ರಣಾಧಿಕಾರಿಗೆ ದೂರು ಕೊಡುತ್ತಾನೆ! ನಟರಾಜನ ನೆರವಿಗೆ ಬರುವ ವಕೀಲನೋ, ವಾಯಿದೆಯ ಮೇಲೆ ವಾಯಿದೆ ಪಡೆಯುವುದರಲ್ಲಿಯೇ ಹೆಸರಾದವನು. ನಗೆಯ ಕೆಳಗೆ ನಾರಾಯಣರು ಇಟ್ಟಿರುವ ಸತ್ಯ ಇಷ್ಟು: ಮನೆಯ ವಿಷಯದಲ್ಲಿ ಬಲವಿರುವುದು ಒಡೆತನದ ಪತ್ರದಲ್ಲಲ್ಲ, ನಾಚಿಕೆಯಿಲ್ಲದಿರುವುದರಲ್ಲಿ. ಸಂಕೋಚದ ಮನುಷ್ಯ ಒಡೆಯನಾದರೂ ಸೋಲುತ್ತಾನೆ, ಒಕ್ಕಲಾದರೂ ಸೋಲುತ್ತಾನೆ.

ಕಾದಂಬರಿ ಹೊರಬಂದದ್ದು 1961ರಲ್ಲಿ. ನಮ್ಮ ರಾಜ್ಯದ ಬಾಡಿಗೆ ನಿಯಂತ್ರಣ ಕಾಯಿದೆಯ ವರ್ಷವೂ ಅದೇ. ಈ ಕಾಯಿದೆ ಬಾಡಿಗೆದಾರನಿಗೆ ಆಸರೆಯಾಯಿತು, ಆಗಬೇಕಾದದ್ದೂ ನ್ಯಾಯವೇ. ಜೊತೆಗೆ ಚಿಕ್ಕ ಒಡೆಯರನ್ನೂ ದೊಡ್ಡ ಒಡೆಯರನ್ನೂ ಒಂದೇ ತಕ್ಕಡಿಯಲ್ಲಿ ತೂಗಿತು. ಅದರ ಜಾಗಕ್ಕೆ ಬಂದ 1999ರ ಕಾಯಿದೆ 2001ರ ಡಿಸೆಂಬರ್ 31ರಿಂದ ಜಾರಿಯಾಗಿ, ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಆಗ ತಕ್ಕಡಿ ಇನ್ನೊಂದು ಕಡೆಗೆ ವಾಲಿತು ಎನ್ನಬೇಕು. ಎರಡೂ ಕಾಲವನ್ನು ಕಂಡ ಓದುಗರಿಗೆ ನಟರಾಜನ ಅಟ್ಟ ಹಳೆಯ ಕಥೆಯೆನಿಸಬಹುದು. ವಾಸು ಮಾತ್ರ ಈಗ ಅಟ್ಟದಿಂದ ಇಳಿದು ಒಡೆಯನ ಕುರ್ಚಿಯಲ್ಲಿ ಕುಳಿತಿರುವುದೂ ಉಂಟು. ಮನೆ ಬಿಡುವ ದಿನ ಸುಣ್ಣಬಣ್ಣದ ನೆಪ ಹೇಳಿ ಮುಂಗಡ ಹಣದಲ್ಲಿ ಅರ್ಧವನ್ನು ನುಂಗುವವನು ಅವನೇ.

ಈ ಸಂದರ್ಭದಲ್ಲಿ ಹನ್ನೊಂದು ತಿಂಗಳ ಕರಾರು ಪತ್ರವೆಂಬ ಗದ್ಯಪ್ರಕಾರವನ್ನೂ ನೆನೆಯಬೇಕು. ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕೆಂದು 1908ರ ಕಾಯಿದೆ ಹೇಳುವುದರಿಂದ, ನಮ್ಮ ನಾಡಿನ ಬಾಡಿಗೆಯ ವರ್ಷಕ್ಕೆ ಹನ್ನೊಂದೇ ತಿಂಗಳು. ‘ಸದರಿ’, ‘ಮಜಕೂರು’, ‘ಒಂದನೇ ಪಾರ್ಟಿ’ಗಳಿಂದ ಕಿಕ್ಕಿರಿದ ಈ ಪತ್ರ ಕೊನೆಗೆ ಎರಡು ಕಡೆಯವರೂ ‘ಓದಿಸಿ ಕೇಳಿ’ ಒಪ್ಪಿದರೆಂದು ಘೋಷಿಸುತ್ತದೆ. ಯಾರೂ ಓದಿಸಿರುವುದಿಲ್ಲ, ಯಾರೂ ಕೇಳಿರುವುದಿಲ್ಲ. ಕನ್ನಡದಲ್ಲಿ ಅತಿ ಹೆಚ್ಚು ಪ್ರತಿಗಳಾಗಿ, ಅತಿ ಕಡಿಮೆ ಓದುಗರನ್ನು ಪಡೆದ ಕೃತಿ ಇದೇ ಇರಬಹುದು. (ನನ್ನ ಪಿಎಚ್.ಡಿ. ಮಿತ್ರರು ಮುನಿಸಿಕೊಳ್ಳಬಾರದು.)

ಚಲನಚಿತ್ರಗಳ ವಿಷಯ ಬೇಗ ಮುಗಿಸಬಹುದು. ಫಣಿ ರಾಮಚಂದ್ರರ ‘ಗಣೇಶನ ಮದುವೆ’ (1990) ವಠಾರದ ಒಡೆಯನನ್ನು ನಗೆಯ ಬೊಂಬೆಯಾಗಿ ನಮ್ಮ ಮನೆಮನೆಗೆ ತಂದಿತು. ಮುಖ್ಯಮಂತ್ರಿ ಚಂದ್ರು, ಅನಂತನಾಗ್ ಇವರ ಜಗಳ ಈಗಲೂ ನಗಿಸುತ್ತದೆ. ಅಲ್ಲಿಂದಾಚೆಗೆ ಒಡೆಯನೆಂದರೆ ಹೀಗೇ ಇರಬೇಕೆಂಬ ಅಚ್ಚೂ ಬಿದ್ದುಹೋಯಿತು. ಗಂಭೀರವಾದದ್ದು ಗಿರೀಶ ಕಾಸರವಳ್ಳಿಯವರ ‘ಮನೆ’. ಟಿ. ಜಿ. ರಾಘವರ ಕಥೆಯನ್ನು ಆಧರಿಸಿದ ಈ ಚಿತ್ರದಲ್ಲಿ ಗಂಡ-ಹೆಂಡತಿ ತಮ್ಮದೇ ಆದ ಏಕಾಂತ ಬೇಕೆಂದು ನಗರದಲ್ಲಿ ಬಾಡಿಗೆಗೆ ಮನೆ ಹಿಡಿಯುತ್ತಾರೆ. ಪಕ್ಕದ ಶೆಡ್ಡಿನ ಸದ್ದು ಆ ಏಕಾಂತವನ್ನು ಕೆಡಿಸುತ್ತದೆ. ಅವರು ಬಲವುಳ್ಳವರ ನೆರವು ಹುಡುಕುತ್ತಾರೆ. ಪೆಟ್ಟು ಬೀಳುವುದು ಅವರಿಗಿಂತ ಬಡವರ ಮೇಲೆ. ಒಕ್ಕಲಾಗಿ ಬಂದವರೇ ಒಕ್ಕಲೆಬ್ಬಿಸುವವರಾಗುವ ಈ ತಿರುವನ್ನು ನಮ್ಮ ಬಾಡಿಗೆ ಮನೆಯ ಕಥೆಗಳ ಅತ್ಯಂತ ಪ್ರಾಮಾಣಿಕ ಘಟ್ಟವೆಂದು ನಾನು ತಿಳಿದಿದ್ದೇನೆ.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ, ಅದು ಚಿಕ್ಕದಲ್ಲ. ವಠಾರದ ಕಥೆಗಳೆಲ್ಲ ಬಾಗಿಲು ದಾಟಿ ಒಳಗೆ ಬಂದವರ ಕಥೆಗಳು. ಬಾಗಿಲಲ್ಲಿಯೇ ಮಾತಾಡಿಸಿ ಹಿಂದಕ್ಕೆ ಕಳುಹಿಸಲ್ಪಟ್ಟವರು ಇವುಗಳಲ್ಲಿ ಎಲ್ಲಿ? ನನ್ನ ಹಳೆಯ ವಿದ್ಯಾರ್ಥಿಯೊಬ್ಬರು, ಈಗ ಬ್ಯಾಂಕಿನಲ್ಲಿ ಅಧಿಕಾರಿ, ಒಮ್ಮೆ ವರ್ಗವಾಗಿ ಬಂದು ಮನೆ ಹುಡುಕಿದ ಬಗೆಯನ್ನು ನನ್ನೊಡನೆ ಹೇಳಿದರು. “ಮೇಷ್ಟ್ರೇ, ಜಾತಿ ಯಾವುದು ಅಂತ ಒಬ್ರೂ ಕೇಳ್ಲಿಲ್ಲ. ‘ನಿಮ್ಮ ಮನೆದೇವರು ಯಾವುದು?’ ಅಂತ ಎಲ್ರೂ ಕೇಳಿದ್ರು. ಹೇಳ್ದೆ. ‘ಆಮೇಲೆ ಫೋನ್ ಮಾಡ್ತೀವಿ’ ಅಂದ್ರು.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಒಪ್ಪಿಸುವವರ ನಿರ್ಲಿಪ್ತತೆಯಿತ್ತು. ಮನೆದೇವರು, ಊಟತಿಂಡಿಯ ಪದ್ಧತಿ, ‘ನಿಮ್ಮ ಕಡೆಯವರು ಯಾರಾದರೂ ಇಲ್ಲಿದ್ದಾರೆಯೇ’: ಎಂಥ ನಯವಾದ ಕನ್ನಡ! ಧ್ವನಿಯ ಲಕ್ಷಣವನ್ನು ತರಗತಿಯಲ್ಲಿ ವಿವರಿಸಲು ಆನಂದವರ್ಧನನ ತನಕ ಹೋಗಬೇಕಾಗಿಯೇ ಇಲ್ಲ. ವಾಚ್ಯಾರ್ಥದಲ್ಲಿ ಭಕ್ತಿ, ವ್ಯಂಗ್ಯಾರ್ಥದಲ್ಲಿ ಬಹಿಷ್ಕಾರ. ಹೊರಗೆ ತೂಗುವ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಹಲಗೆ ಇದಕ್ಕಿಂತ ಪ್ರಾಮಾಣಿಕವೆನ್ನಬೇಕು. ಅದು ಬಂದವರ ಚಪ್ಪಲಿಯನ್ನಾದರೂ ಉಳಿಸುತ್ತದೆ.

ಚಿಕ್ಕ ಒಡೆಯನ ಪರವಾಗಿ ಇಷ್ಟು ಹೊತ್ತು ಮಾತಾಡಿದ ನಾನು ಇದನ್ನು ಹೇಳದೆ ಬಿಟ್ಟರೆ ವಕಾಲತ್ತಾಗುತ್ತದೆ, ವಿಮರ್ಶೆಯಾಗದು. ರಂಗಮ್ಮನ ಭಯ ನಿಜ, ಅವಳ ಮೇಲೆ ಮರುಕ ನ್ಯಾಯ. ಆದರೆ ಅದೇ ಭಯ ‘ನಮ್ಮವರಿಗೇ ಕೊಡೋಣ’ ಎಂಬ ಎಚ್ಚರಿಕೆಯಾಗಿ, ಆ ಎಚ್ಚರಿಕೆ ಇಡೀ ಬಡಾವಣೆಯ ಗೋಡೆಯಾಗುವುದನ್ನು ಬರೆಯುವ ಕಾದಂಬರಿ, ನಾನು ಓದಿದ ಮಟ್ಟಿಗೆ, ಇನ್ನೂ ಬಂದಿಲ್ಲ. ಅದನ್ನು ಹೊರಗೆ ನಿಂತವರು ಬರೆದರೆ ಒಂದು ರೀತಿ; ಒಳಗೆ ಕುಳಿತು ಪ್ರಶ್ನೆ ಕೇಳಿದವರು ಬರೆದರೆ ಇನ್ನೂ ಕಠಿಣವಾದ ಕೃತಿಯಾದೀತು.

ಒಡೆಯರೇ ಬರೆದ ಗದ್ಯ ಹೇಗಿರಬಹುದು ಎಂಬುದಕ್ಕೆ ನನ್ನ ಬಳಿ ಒಂದು ಆಕರವಿದೆ: ನಮ್ಮ ತಾಯಿಯವರ ಲೆಕ್ಕದ ಪುಸ್ತಕ. ತಂದೆ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಅವರು ಅದರಲ್ಲಿ ಬಾಡಿಗೆಯನ್ನು ಬರೆದಿಟ್ಟರು. ‘ಮಹಡಿ ಬಾಡಿಗೆ ಬಂತು, 450. ನಲ್ಲಿಗೆ ವಾಷರು, 3.’ ‘ಹಿಂದಿನ ಮನೆಯಾಕೆಗೆ ಗಂಡು ಮಗು. ಈ ತಿಂಗಳು ಕೇಳಲಿಲ್ಲ.’ ‘ಕೊಟ್ಟರು, ಆದರೆ ಮುಖ ಕೊಟ್ಟು ಮಾತಾಡಲಿಲ್ಲ.’ ಒಂದು ಪುಟದಲ್ಲಿ ಮೊತ್ತವಿಲ್ಲ, ‘ನೋಡಲು ಬಂದಿದ್ದರು. ಒಳ್ಳೆಯವರ ಹಾಗೆ ಕಂಡರು. ಅತ್ತೆ ಬೇಡ ಎಂದರು’ ಎಂದಷ್ಟೇ ಇದೆ. ಯಾರು ಬಂದಿದ್ದರು, ಅಜ್ಜಿ ಯಾಕೆ ಬೇಡವೆಂದರು ಎಂಬುದನ್ನು ತಾಯಿ ಬರೆದಿಲ್ಲ. ಅದರ ಕೆಳಗೆ ಎರಡು ತಿಂಗಳು ಬಾಡಿಗೆಯ ಅಂಕಣ ಖಾಲಿಯಾಗಿದೆ.