ಮನೆಯ ಬ್ಯಾಟರಿ: ಲೇಬಲ್ಲಿನ ಅಂಕಿ ಮತ್ತು ಲೋಡಿನ ಲೆಕ್ಕ

ಕರೆಂಟ್ ಹೋದಾಗ ಮನೆ ನಡೆಸುವ ಬ್ಯಾಟರಿಯನ್ನು ಹೆಚ್ಚಿನವರು ಎರಡು ಅಂಕಿ ನಂಬಿ ಕೊಳ್ಳುತ್ತಾರೆ. ಒಂದು, ಲೇಬಲ್ ಮೇಲಿನ ಎಎಚ್, ಅಂದರೆ ಆ್ಯಂಪಿಯರ್-ಅವರ್. ಇನ್ನೊಂದು, ಜಾಹೀರಾತು ಹೇಳುವ ಸೈಕಲ್‌ಗಳ, ಅಂದರೆ ತುಂಬಿ ಖಾಲಿಯಾಗುವ ಸುತ್ತುಗಳ, ಸಂಖ್ಯೆ. ಮೊದಲನೆಯದು ಟ್ಯೂಬುಲರ್ ಎಂಬ ಲೆಡ್ ಆ್ಯಸಿಡ್ ಬ್ಯಾಟರಿಗೆ ಹೆಸರು ತಂದುಕೊಟ್ಟಿದೆ, ಎರಡನೆಯದು ಲಿಥಿಯಂಗೆ. ಎರಡೂ ಸುಳ್ಳು ಅಂಕಿಗಳಲ್ಲ. ಆದರೆ ಅವುಗಳಿಗೆ ಸಿಕ್ಕಿರುವ ಮನ್ನಣೆ ಅತಿಯಾಯಿತು, ಆಯ್ಕೆಯನ್ನು ನಿಜವಾಗಿ ನಿರ್ಧರಿಸಬೇಕಾದ ಲೋಡಿನ ಲೆಕ್ಕ ಮೂಲೆಗೆ ಸರಿಯಿತು.

ಅಂಗಡಿಗಳಲ್ಲಿ ಅತಿ ಹೆಚ್ಚು ಕಾಣುವ ಲೇಬಲ್ಲನ್ನೇ ಓದಬಹುದು: 12 ವೋಲ್ಟ್, 150 ಎಎಚ್, ಸಿ20. ವೋಲ್ಟನ್ನು ಎಎಚ್‌ನಿಂದ ಗುಣಿಸಿದರೆ 1,800 ವ್ಯಾಟ್-ಅವರ್, ಅಂದರೆ 1.8 ಯೂನಿಟ್. ಕೊಳ್ಳುವವರು ಇಲ್ಲಿಗೇ ಓದು ನಿಲ್ಲಿಸುತ್ತಾರೆ. ಕೊನೆಯಲ್ಲಿರುವ ಸಿ20 ಎಂಬುದೇ ಇಡೀ ಲೇಬಲ್ಲಿನ ಷರತ್ತು. ಬ್ಯಾಟರಿಯನ್ನು 20 ಗಂಟೆಗಳಷ್ಟು ನಿಧಾನವಾಗಿ ಖಾಲಿ ಮಾಡಿದರೆ ಮಾತ್ರ 150 ಎಎಚ್ ದೊರೆಯುತ್ತದೆ. ಆಗ ಹರಿಯುವುದು 7.5 ಆ್ಯಂಪಿಯರ್, ನಡೆಯುವುದು 90 ವ್ಯಾಟ್ ಲೋಡು. 75 ವ್ಯಾಟಿನ ಒಂದು ಹಳೆಯ ಸೀಲಿಂಗ್ ಫ್ಯಾನು ಮತ್ತು ಒಂದು ಎಲ್ಇಡಿ ಬಲ್ಬಿಗೆ ಅದು ಮುಗಿಯಿತು.

ಮೂರು ಫ್ಯಾನು, ಆರು ಬಲ್ಬು, ಒಂದು ಟಿ.ವಿ., ಒಂದು ರೌಟರ್ ಇರುವ ಮನೆಯ ಲೋಡು ಸುಮಾರು 370 ವ್ಯಾಟ್. ಇನ್ವರ್ಟರಿನಲ್ಲಿ ಆಗುವ ನಷ್ಟ ಸೇರಿಸಿದರೆ ಬ್ಯಾಟರಿಯಿಂದ 450 ವ್ಯಾಟ್‌ನಷ್ಟು ಹೊರಬರಬೇಕು. ಇದು 37 ಆ್ಯಂಪಿಯರಿಗೂ ಹೆಚ್ಚು, ಲೇಬಲ್ ಊಹಿಸಿದ ವೇಗದ ಐದು ಪಟ್ಟು. ಲೆಡ್ ಆ್ಯಸಿಡ್ ಬ್ಯಾಟರಿಯನ್ನು ವೇಗವಾಗಿ ಖಾಲಿ ಮಾಡಿದಷ್ಟೂ ಅದು ಕೊಡುವ ಒಟ್ಟು ವಿದ್ಯುತ್ತು ಕಡಿಮೆಯಾಗುತ್ತದೆ. ಪೊಯ್ಕರ್ಟ್ ಎಂಬ ಜರ್ಮನ್ ವಿಜ್ಞಾನಿ 1897ರಲ್ಲೇ ಇದಕ್ಕೆ ಸೂತ್ರ ಕೊಟ್ಟಿದ್ದಾನೆ. ಈ ವೇಗದಲ್ಲಿ 150 ಎಎಚ್ ಬ್ಯಾಟರಿಯಿಂದ ಸುಮಾರು 115 ಎಎಚ್ ನಿರೀಕ್ಷಿಸಬಹುದು. ಅದನ್ನು ಪೂರ್ತಿ ಬರಿದು ಮಾಡಿದರೆ ಮೂರು ಗಂಟೆ ಮನೆ ನಡೆದೀತು, ಆದರೆ ಪ್ರತಿ ಸಲ ಹಾಗೆ ಮಾಡಿದರೆ ಬ್ಯಾಟರಿ ಬೇಗ ಸಾಯುತ್ತದೆ. ಬಾಳಿಕೆ ಬರಲೆಂದು ಅರ್ಧ ಉಳಿಸಿದರೆ ಸಿಗುವುದು ಒಂದೂವರೆ ಗಂಟೆ. 1.8 ಯೂನಿಟ್ ಎಂದು ಕೊಂಡ ಬ್ಯಾಟರಿಯಿಂದ ಫ್ಯಾನು-ಬಲ್ಬುಗಳಿಗೆ ತಲುಪುವುದು ಸುಮಾರು 0.6 ಯೂನಿಟ್. ಸೋಲಾರ್‌ಗೆಂದೇ ಮಾಡಿದ ಬ್ಯಾಟರಿಗಳ ಮೇಲೆ ಸಿ10 ಎಂದಿರುತ್ತದೆ. ಅದು ಹತ್ತು ಗಂಟೆಯ ಅಳತೆಯಾದ್ದರಿಂದ 150 ಎಎಚ್ ಸಿ10 ಬ್ಯಾಟರಿ 150 ಎಎಚ್ ಸಿ20 ಬ್ಯಾಟರಿಗಿಂತ ಹೆಚ್ಚು ಗಟ್ಟಿ.

ಲಿಥಿಯಂಗೆ ಬಂದರೆ ಇದೇ ಅಂಕಿ ಬೇರೊಂದು ರೀತಿಯಲ್ಲಿ ದಾರಿ ತಪ್ಪಿಸುತ್ತದೆ. ಮನೆಬಳಕೆಗೆ ತಕ್ಕದಾದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಶೇ 80-90ರವರೆಗೆ ಖಾಲಿ ಮಾಡಬಹುದು, ವೇಗ ಹೆಚ್ಚಿದರೂ ಅದು ಅಷ್ಟಾಗಿ ಕುಗ್ಗುವುದಿಲ್ಲ. 12.8 ವೋಲ್ಟಿನ 100 ಎಎಚ್ ಲಿಥಿಯಂ ಅದೇ ಮನೆಯನ್ನು ಎರಡೂವರೆ ಗಂಟೆ ನಡೆಸುತ್ತದೆ. ಅಂಕಿ ಚಿಕ್ಕದು, ಫಲ ದೊಡ್ಡದು. ಇನ್ನು 51.2 ವೋಲ್ಟಿನ 100 ಎಎಚ್ ಬ್ಯಾಟರಿ ಎಂದರೆ 5.12 ಯೂನಿಟ್, 12.8 ವೋಲ್ಟಿನದಕ್ಕಿಂತ ನಾಲ್ಕು ಪಟ್ಟು. ಎರಡರ ಮೇಲೂ ಬರೆದಿರುವುದು 100 ಎಎಚ್ ಎಂದೇ. ವೋಲ್ಟ್, ವೇಗ, ಎಷ್ಟು ಖಾಲಿ ಮಾಡಬಹುದೆಂಬ ಮಿತಿ, ಈ ಮೂರೂ ಗೊತ್ತಿಲ್ಲದೆ ಎಎಚ್‌ನಿಂದ ಬ್ಯಾಟರಿಗಳನ್ನು ಹೋಲಿಸಲಾಗದು.

ಹೀಗಿದ್ದರೂ, ಲೆಡ್ ಆ್ಯಸಿಡ್ ಕಾಲ ಮುಗಿಯಿತು ಎನ್ನುವವರ ವಾದ ಪರೀಕ್ಷೆಗೆ ನಿಲ್ಲುವುದಿಲ್ಲ. ಬ್ಯಾಟರಿಯ ಬೆಲೆಯನ್ನು ಸೈಕಲ್‌ಗಳ ಸಂಖ್ಯೆಯಿಂದ ಭಾಗಿಸಿ, ಲಿಥಿಯಂ ಅಗ್ಗವೆಂದು ಅವರು ತೋರಿಸುತ್ತಾರೆ. 4,000 ಸೈಕಲ್ ಎಂದರೆ ದಿನಕ್ಕೊಂದರಂತೆ ಹನ್ನೊಂದು ವರ್ಷ. ದಿನವೂ ಬಳಸುವ ಮನೆಗೆ ಈ ಲೆಕ್ಕ ಸರಿ. ಆದರೆ ತಿಂಗಳಿಗೆ ಎಂಟು ಸಲ, ಒಂದೊಂದು ಗಂಟೆ ಕರೆಂಟ್ ಹೋಗುವ ನಗರದ ಮನೆಯಲ್ಲಿ ವರ್ಷಕ್ಕೆ ಮೂವತ್ತೈದು-ನಲವತ್ತು ಪೂರ್ಣ ಸೈಕಲ್ ಕೂಡ ಆಗುವುದು ಕಷ್ಟ. ಆ ಗತಿಯಲ್ಲಿ 4,000 ಮುಗಿಯಲು ನೂರು ವರ್ಷ ಬೇಕು. ಬಳಸದೆ ಇಟ್ಟರೂ ಬ್ಯಾಟರಿಗೆ ವಯಸ್ಸಾಗುತ್ತದೆ, ಅಷ್ಟು ವರ್ಷ ಅದು ಇರುವುದಿಲ್ಲ. ಎಂದೂ ಬಳಸದ ಸೈಕಲ್‌ಗಳಿಗೆ ಹಣ ತೆತ್ತು ಉಳಿತಾಯವೆಂದು ಕರೆಯುವುದು ತಪ್ಪು. ಇತ್ತ ಲಿಥಿಯಂ ಎಂದರೆ ಬೆಂಕಿ ಎಂದು ಹೆದರಿಸುವವರೂ ಅಷ್ಟೇ ತಪ್ಪು. ಹಲವು ವಿದ್ಯುತ್ ಕಾರುಗಳಲ್ಲಿರುವ ನಿಕಲ್-ಕೋಬಾಲ್ಟ್ ಕೋಶಕ್ಕಿಂತ ಫಾಸ್ಫೇಟ್ ಕೋಶ ಶಾಖವನ್ನು ಬಹಳ ಹೆಚ್ಚು ತಾಳಿಕೊಳ್ಳುತ್ತದೆ. ಇವೆರಡನ್ನೂ ಒಂದೇ ಹೆಸರಿನಡಿ ತರುವುದು ನ್ಯಾಯವಲ್ಲ.

ಸೋಲಾರ್ ಶೇಖರಣೆ ಇದಕ್ಕಿಂತ ಬೇರೆಯದೇ ಕೆಲಸ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆ 3 ಕಿಲೋವ್ಯಾಟ್‌ ಫಲಕಗಳಿಗೆ 78,000 ರೂಪಾಯಿ ಸಹಾಯಧನ ಕೊಡುತ್ತದೆ. ಚಾವಣಿಯಲ್ಲಿ ಫಲಕವಿದ್ದರೆ ಕರೆಂಟ್ ಹೋಗುವ ಚಿಂತೆಯಿಲ್ಲ ಎಂಬ ನಂಬಿಕೆಯೂ ಅದರೊಂದಿಗೆ ಹರಡಿದೆ. ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ಸೋಲಾರ್ ಇನ್ವರ್ಟರ್, ಲೈನ್ ದುರಸ್ತಿ ಮಾಡುವವರ ಪ್ರಾಣರಕ್ಷಣೆಗಾಗಿ, ಗ್ರಿಡ್ ನಿಂತ ಕ್ಷಣವೇ ತಾನೂ ನಿಲ್ಲುತ್ತದೆ. ಸುಡುಬಿಸಿಲಿದ್ದರೂ ಮನೆಯಲ್ಲಿ ವಿದ್ಯುತ್ತಿರುವುದಿಲ್ಲ. ಬ್ಯಾಟರಿ ಬೇಕೆನ್ನುವವರು ಮೊದಲೇ ಹೈಬ್ರಿಡ್ ಇನ್ವರ್ಟರ್ ಆರಿಸಬೇಕು.

ಬಿಲ್ ಉಳಿಸಲೆಂದೇ ಬ್ಯಾಟರಿ ಕೊಳ್ಳುವುದಾದರೆ ಕರ್ನಾಟಕದ ಹೆಚ್ಚಿನ ಮನೆಗಳಿಗೆ ಅದು ನಷ್ಟ. ನೆಟ್ ಮೀಟರಿಂಗ್ ಇರುವ ಮನೆಯ ಹಗಲಿನ ಹೆಚ್ಚುವರಿ ವಿದ್ಯುತ್ತು ಗ್ರಿಡ್‌ಗೆ ಹೋಗಿ ರಾತ್ರಿಯ ಬಳಕೆಗೆ ವಜಾ ಆಗುತ್ತದೆ. ಅದನ್ನೇ ಬ್ಯಾಟರಿಗೆ ತುಂಬಿಸಿದರೆ ಲಿಥಿಯಂನಲ್ಲಿ ಹತ್ತನೇ ಒಂದರಷ್ಟು, ಲೆಡ್ ಆ್ಯಸಿಡ್‌ನಲ್ಲಿ ಐದನೇ ಒಂದು ಅಥವಾ ಅದಕ್ಕೂ ಹೆಚ್ಚು ಪೋಲಾಗುತ್ತದೆ. ಗೃಹಜ್ಯೋತಿಯಡಿ ಬಿಲ್ಲೇ ಬಾರದ ಮನೆಗೆ ಉಳಿಸುವುದಕ್ಕೆ ಏನೂ ಇಲ್ಲ.

ಲಿಥಿಯಂನ ನಿಜವಾದ ಗುಣಗಳು ಬೇರೆ: ಡಿಸ್ಟಿಲ್ಡ್ ವಾಟರ್ ಬೇಡ, ಆಮ್ಲವಿಲ್ಲ, ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಡುವುದಿಲ್ಲ, ಚಾರ್ಜ್ ಬೇಗ ತುಂಬುತ್ತದೆ. ದಿನವೂ ನಾಲ್ಕೈದು ಗಂಟೆ ಕರೆಂಟ್ ಇಲ್ಲದ ಊರಿಗೆ, ನೀರು ತುಂಬಲು ಆಗದ ವೃದ್ಧರ ಮನೆಗೆ ಅದೇ ಸರಿ. ಹಳೆಯ ಯುಪಿಎಸ್‌ಗೆ ಅದನ್ನು ಜೋಡಿಸುವ ಮುನ್ನ ಯುಪಿಎಸ್‌ನಲ್ಲಿ ಲಿಥಿಯಂ ಚಾರ್ಜಿಂಗ್ ವ್ಯವಸ್ಥೆ ಇದೆಯೇ ನೋಡಬೇಕು. ಅಪರೂಪಕ್ಕೆ ಕರೆಂಟ್ ಹೋಗುವ, ಗಾಳಿಯಾಡುವ ಜಾಗವಿರುವ ಮನೆಗೆ ಟ್ಯೂಬುಲರ್ ಸಾಕು.

ಎರಡು ಪಕ್ಷಗಳೂ ಮರೆತಿರುವುದು ಲೋಡನ್ನು. ಮೂರು ಹಳೆಯ ಫ್ಯಾನು 225 ವ್ಯಾಟ್ ಎಳೆಯುವ ಕಡೆ ಮೂರು ಬಿಎಲ್‌ಡಿಸಿ ಫ್ಯಾನು ಸುಮಾರು 90 ವ್ಯಾಟ್‌ಗೆ ಅದೇ ಗಾಳಿ ಕೊಡುತ್ತವೆ. ಮನೆಯ ಲೋಡು 370ರಿಂದ 235ಕ್ಕೆ ಇಳಿಯುತ್ತದೆ, ಇರುವ ಬ್ಯಾಟರಿಯೇ ಒಂದೂವರೆ ಪಟ್ಟಿಗೂ ಹೆಚ್ಚು ಹೊತ್ತು ಬರುತ್ತದೆ. ಲೈನ್ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದ ಮಲೆನಾಡಿನ ಮಳೆಗಾಲದಲ್ಲಿ ಬಿಸಿಲೂ ಇರುವುದಿಲ್ಲ. ಅಲ್ಲಿ ಉಳಿಯುವ ಉಪಾಯ ಲೋಡು ಇಳಿಸುವುದೊಂದೇ. 1995ರಲ್ಲಿ ಹರೀಶ್ ಹಂದೆ ಅವರ ಸಹಸ್ಥಾಪನೆಯಲ್ಲಿ ಶುರುವಾದ ಸೆಲ್ಕೋ, ಕರ್ನಾಟಕದ ಹಳ್ಳಿಮನೆಗಳಿಗೆ ಕೆಲವೇ ದೀಪಗಳ ಸೋಲಾರ್ ವ್ಯವಸ್ಥೆ ಕೊಟ್ಟಾಗ ಹಿಡಿದದ್ದೂ ಇದೇ ದಾರಿ: ಮೊದಲು ಅಗತ್ಯ, ಆಮೇಲೆ ಬ್ಯಾಟರಿ.

ಆದ್ದರಿಂದ ಮೊದಲ ಖರ್ಚು ಫ್ಯಾನಿನ ಮೇಲೆ ಆಗಲಿ. ಬಳಿಕ ಕರೆಂಟ್ ಇಲ್ಲದಾಗ ನಡೆಯಬೇಕಾದ ಸಾಮಾನುಗಳ ವ್ಯಾಟನ್ನು ಕೂಡಿಸಿ, ಬೇಕಾದ ಗಂಟೆಗಳಿಂದ ಗುಣಿಸಿ, ಆ ಚೀಟಿ ಹಿಡಿದು ಅಂಗಡಿಗೆ ಹೋಗಬೇಕು. ಈ ಲೋಡಿಗೆ ಎಷ್ಟು ಯೂನಿಟ್ ಕೈಗೆ ಸಿಗುತ್ತದೆ ಎಂಬುದನ್ನು ಬರೆದುಕೊಡದ ಮಾರಾಟಗಾರರಿಂದ ಬ್ಯಾಟರಿ ಕೊಳ್ಳಬಾರದು.