ಎತ್ತರ 51 ಇಂಚು

ಛಾಯಾಚಿತ್ರ ಪ್ರದರ್ಶನಗಳಲ್ಲಿ ಕಾರ್ಖಾನೆಯ ಚಿತ್ರವೆಂದರೆ ಹಾರುವ ಕಿಡಿ, ಬೆವರಿಗೆ ಹೊಳೆಯುವ ಬೆನ್ನು, ಹೊಗೆಯೊಳಗೆ ಇಳಿದ ಬಿಸಿಲುಕೋಲು. ‘ಏನು ಲೈಟಿಂಗ್!’ ಎನ್ನುತ್ತಾರೆ, ಮುಂದಿನದಕ್ಕೆ ನಡೆಯುತ್ತಾರೆ. ಚಿತ್ರದಲ್ಲಿರುವ ಮನುಷ್ಯ ಮಾಡುತ್ತಿರುವ ಕೆಲಸವೇನು? ನೋಡಿದವರಿಗೂ ಗೊತ್ತಿಲ್ಲ, ಎಷ್ಟೋ ಸಲ ತೆಗೆದವರಿಗೂ ಗೊತ್ತಿಲ್ಲ. ಈ ಚಟ ಬಿಡಬೇಕಾದರೆ ಛಾಯಾಗ್ರಾಹಕ ಲೂಯಿಸ್ ಹೈನ್ ಬಳಿ ಹೋಗಿ.

1908ರಲ್ಲಿ ಆತ ಅಮೆರಿಕದ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಗಾಗಿ ಕ್ಯಾರೊಲೈನಾದ ಸಣ್ಣ ಊರುಗಳ ನೂಲಿನ ಗಿರಣಿಗಳನ್ನು ಸುತ್ತಿದ. ವಿಟ್ನೆಲ್ ಎಂಬಲ್ಲಿ ತೆಗೆದ ಚಿತ್ರವನ್ನು ನಾನು ಮೊದಲು ನೋಡಿದ್ದು ಅಡಿಬರಹವಿಲ್ಲದೆ. ಒಬ್ಬ ಹುಡುಗಿ, ಪಕ್ಕದಲ್ಲಿ ನೂಲುವ ಯಂತ್ರದ ಉದ್ದ ಸಾಲು. ಚೆನ್ನಾಗಿದೆ ಅನ್ನಿಸಿತು, ಅಷ್ಟೆ. ಹೈನ್ ಅದರ ಜೊತೆ ಬರೆದಿಟ್ಟದ್ದನ್ನು ಓದಿದ್ದು ಎಷ್ಟೋ ಕಾಲದ ಮೇಲೆ. ಎತ್ತರ 51 ಇಂಚು. ಗಿರಣಿಗೆ ಬಂದು ಒಂದು ವರ್ಷ. ಕೆಲವೊಮ್ಮೆ ರಾತ್ರಿ ಪಾಳಿ. ದಿನಕ್ಕೆ 48 ಸೆಂಟ್. ವಯಸ್ಸೆಷ್ಟೆಂದರೆ ತಡವರಿಸಿ, ನೆನಪಿಲ್ಲ ಎಂದಳಂತೆ. ಆಮೇಲೆ ಗುಟ್ಟಾಗಿ, ಕೆಲಸ ಮಾಡುವಷ್ಟು ವಯಸ್ಸಾಗಿಲ್ಲ, ಆದರೂ ಮಾಡುತ್ತೇನೆ ಎಂದಳಂತೆ. ಅಂದಿನಿಂದ ಅಡಿಬರಹ ಕತ್ತರಿಸಿ ಅಚ್ಚು ಹಾಕಿದ ಪುಸ್ತಕ ಕಂಡರೆ ನನಗೆ ಸಿಟ್ಟು ಬರುತ್ತದೆ. ಅರ್ಧ ಚಿತ್ರವನ್ನೇ ಹರಿದು ಎಸೆದಿದ್ದಾರೆ.

ಆ ಇಂಚುಗಳಲ್ಲೇ ಎಲ್ಲ ಇದೆ. ತನ್ನ ಕೋಟಿನ ಒಂದೊಂದು ಗುಂಡಿಯೂ ನೆಲದಿಂದ ಎಷ್ಟು ಮೇಲಿದೆಯೆಂದು ಹೈನ್ ತಿಳಿದಿಟ್ಟುಕೊಂಡಿದ್ದ. ಮಗು ಪಕ್ಕದಲ್ಲಿ ನಿಂತರೆ ಎತ್ತರ ಸಿಕ್ಕಿತು. ಕೈ ಜೇಬಿನೊಳಗಿಟ್ಟೇ ಟಿಪ್ಪಣಿ ಗೀಚುತ್ತಿದ್ದ. ಚೌಕಟ್ಟು ಕಟ್ಟಿದ್ದೂ ಅದೇ ಅಳತೆಯ ಕಣ್ಣಿನಿಂದ. ಯಂತ್ರದ ಮೇಲಂಚು ಹುಡುಗಿಯ ಮೈಯಲ್ಲಿ ಎಲ್ಲಿಗೆ ಬರುತ್ತದೆ ನೋಡಿ. ದೊಡ್ಡವರು ನಿಂತು ಕೆಳಗೆ ನೋಡಿದಂತೆ ತೆಗೆದಿದ್ದರೆ ಯಂತ್ರ ಕುಗ್ಗುತ್ತಿತ್ತು, ನಮಗೆ ಕನಿಕರ ಮಾತ್ರ ಉಳಿಯುತ್ತಿತ್ತು. ಜಾರ್ಜಿಯಾದ ಮೇಕನ್‌ನಲ್ಲಿ 1909ರಲ್ಲಿ ತೆಗೆದ ಚಿತ್ರದಲ್ಲಂತೂ ಹುಡುಗರು ಬರಿಗಾಲಲ್ಲಿ ಯಂತ್ರದ ಮೇಲೇ ಹತ್ತಿದ್ದಾರೆ. ಹರಿದ ಎಳೆ ಕೂಡಿಸಲು, ಖಾಲಿ ಬಾಬಿನ್ ಹಾಕಲು ನೆಲದ ಮೇಲೆ ನಿಂತರೆ ಅವರಿಗೆ ಎಟಕುವುದಿಲ್ಲ.

ಹೈನ್ ಮ್ಯಾಗ್ನೀಷಿಯಂ ಪುಡಿ ಸಿಡಿಸಿ ಬೆಳಕು ಮಾಡುತ್ತಿದ್ದುದು, ಗಾಜಿನ ನೆಗೆಟಿವ್, ಇವೆಲ್ಲ ನಿಧಾನಕ್ಕೆ ತಿಳಿದುಕೊಳ್ಳಬಹುದು. ದೊಡ್ಡ ಸ್ಪ್ಯಾನರ್ ಹಿಡಿದು ಬಾಗಿದ ಮೆಕ್ಯಾನಿಕ್‌ನ 1920ರ ಚಿತ್ರ ಎಲ್ಲರಿಗೂ ಪ್ರಿಯ. ಅದೂ ಹೈನನದೇ, ಆದರೆ ಅಲ್ಲಿ ಮೆರೆಯುವುದು ಮೈಕಟ್ಟು. ಅದನ್ನು ಕೊನೆಗಿಡಿ.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಆ ಬಾಲಕಾರ್ಮಿಕ ಸಮಿತಿಯ 5,000ಕ್ಕೂ ಹೆಚ್ಚು ಚಿತ್ರಗಳಿವೆ. ಅಂತರಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಹೆಸರಾದ ಹತ್ತನ್ನು ಆರಿಸಬೇಡಿ. ಒಂದೇ ಊರು ಹಿಡಿದು ಅಲ್ಲಿನ ಅಷ್ಟನ್ನೂ ನೋಡಿ, ಮಸುಕಾದವನ್ನೂ ಸೇರಿಸಿ. ಮೊದಲು ಬರಹ, ಆಮೇಲೆ ಚಿತ್ರ.