ಗಿಟಾರಿನ ಹಳೆಯ ತಟ್ಟೆಗಳು

ನಮ್ಮ ಪುತ್ತೂರು, ಸುಳ್ಯ, ಕಡಬದ ಧರ್ಮಕೇಂದ್ರಗಳಲ್ಲಿ ಗಿಟಾರ್ ಪರಕೀಯ ವಾದ್ಯವೇನಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯ (1962–65) ಬಳಿಕ ಜನರ ನುಡಿಯಲ್ಲಿ ಬಲಿಪೂಜೆ ನಡೆಯತೊಡಗಿತು. ಆಗ ಹಾರ್ಮೋನಿಯಂ, ತಬಲಗಳ ಪಕ್ಕದಲ್ಲಿ ಅದಕ್ಕೂ ಒಂದು ಮೂಲೆ ದೊರೆಯಿತು. ಆದರೆ ನಾವು ಅದರಿಂದ ಕೇಳಿದ್ದು ಬಹಳ ಕಡಿಮೆ: ನಾಲ್ಕಾರು ಸ್ವರಮೇಳಗಳು, ಮೇಲಿನಿಂದ ಕೆಳಕ್ಕೆ ಎಳೆಯುವ ಒಂದು ಕೈ. ಈಗ ಗುಂಡಿಯೊತ್ತಿದರೆ ತಾಳ ಹೊಮ್ಮುವ ಕೀಬೋರ್ಡು ಬಂದು ಆ ಕೈಗೂ ವಿರಾಮ ಕೊಡುತ್ತಿದೆ. ಆ ವಾದ್ಯಕ್ಕೆ ಇನ್ನೇನು ಸಾಧ್ಯವಿತ್ತು ಎಂಬುದನ್ನು ತಿಳಿಯಬಯಸುವವರು ಜಾಝ್ ಗಿಟಾರಿನ ಹಳೆಯ ಧ್ವನಿಮುದ್ರಿಕೆಗಳತ್ತ ಕಿವಿಗೊಡಬೇಕು.

ಆರಂಭಕ್ಕೆ ಚಾರ್ಲಿ ಕ್ರಿಶ್ಚಿಯನ್. 1939ರಲ್ಲಿ ಬೆನ್ನಿ ಗುಡ್‌ಮನ್‌ರ ತಂಡವನ್ನು ಸೇರಿದ ಈ ತರುಣ 1942ರಲ್ಲಿ, ಇಪ್ಪತ್ತೈದರ ಹರೆಯದಲ್ಲೇ, ಕ್ಷಯರೋಗಕ್ಕೆ ತುತ್ತಾದ. ಹಿಂದೆ ಕುಳಿತು ತಾಳವಷ್ಟೇ ಹಿಡಿಯುತ್ತಿದ್ದ ಗಿಟಾರನ್ನು ವಿದ್ಯುತ್ತಿನ ನೆರವಿನಿಂದ ಕಹಳೆ, ಸ್ಯಾಕ್ಸೊಫೋನುಗಳ ಸಾಲಿಗೆ ಕರೆತಂದವರಲ್ಲಿ ಅವನೇ ಪ್ರಮುಖ. ಅವನ ಕಾಲದ ತಟ್ಟೆಗಳು ಅರಗಿನವು. ಒಂದು ಬದಿಗೆ ಸುಮಾರು ಮೂರೇ ನಿಮಿಷ. (ಆ ಅರಗಿನ ಬಹುಪಾಲು ನಮ್ಮ ದೇಶದಿಂದಲೇ ಹೋಗುತ್ತಿತ್ತು. ಪಾಂಡವರನ್ನು ಸುಡಲೆಂದು ಮನೆ ಕಟ್ಟಿದ ವಸ್ತುವೇ ಸಂಗೀತವನ್ನು ಉಳಿಸಿತು!) ಅಷ್ಟು ಕಿರಿದಾದ ಜಾಗದಲ್ಲಿ ಹೇಳಬೇಕಾದುದನ್ನು ಹೇಳಿ ಮುಗಿಸುವ ಸಂಯಮ ಆ ತಲೆಮಾರಿನ ಹಿರಿಯ ಗುಣ. 1948ರಲ್ಲಿ ದೀರ್ಘವಾದನದ ತಟ್ಟೆ ಬಂದ ಮೇಲೆ ಎಲ್ಲರಿಗೂ ಮಾತು ಹೆಚ್ಚಾಯಿತು.

ನಮ್ಮ ಓದುಗರಿಗೆ ಒಂದೇ ತಟ್ಟೆಯನ್ನು ಸೂಚಿಸಿರೆಂದರೆ ನಾನು ಹೇಳುವುದು ಗ್ರಾಂಟ್ ಗ್ರೀನ್‌ನ 'ಫೀಲಿನ್ ದ ಸ್ಪಿರಿಟ್'. 1962ರ ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿಗೆ ನಾಲ್ಕು ದಿನ ಮೊದಲು, ಮುದ್ರಿತವಾದದ್ದು. ಅದರಲ್ಲಿರುವ ಐದೂ ಅಮೆರಿಕದ ಕರಿಯರ ಭಕ್ತಿಗೀತೆಗಳು. ಗುಲಾಮರು ಮೋಶೆಯ ಕಥೆಯಲ್ಲಿ, ಯೆರಿಕೋವಿನ ಗೋಡೆ ಉರುಳಿದ ಕಥೆಯಲ್ಲಿ ತಮ್ಮ ಬಿಡುಗಡೆಯನ್ನು ಕಂಡು ಹಾಡಿಕೊಂಡ ಪರಂಪರೆ ಅದು. ಗ್ರೀನ್ ಇಲ್ಲಿ ಸ್ವರಮೇಳಗಳನ್ನು ಬಹುಮಟ್ಟಿಗೆ ಕೈಬಿಟ್ಟು, ಒಂದೊಂದೇ ಸ್ವರವನ್ನು ಬಿಡಿಸಿ ನುಡಿಸುತ್ತಾನೆ. ಹಾಡುವವನಿಲ್ಲ, ಪದಗಳಿಲ್ಲ, ಆದರೂ ಹಾಡುಗಾರನೊಬ್ಬ ಉಸಿರು ತೆಗೆದುಕೊಳ್ಳುವ ಜಾಗಗಳು ಸ್ಪಷ್ಟವಾಗಿ ಕೇಳಿಸುತ್ತವೆ. ಪಿಯಾನೊದಲ್ಲಿ ಇಪ್ಪತ್ತೆರಡರ ಹರ್ಬಿ ಹ್ಯಾನ್‌ಕಾಕ್. ಹಿಂದೆ ಸಣ್ಣಗೆ ಅಲುಗುವ ಗೆಜ್ಜೆ-ದಮ್ಮಡಿಯ ದನಿ ಇಡೀ ಮುದ್ರಣಾಲಯವನ್ನು ಚಿಕ್ಕದೊಂದು ಪ್ರಾರ್ಥನಾಮಂದಿರವಾಗಿಸಿದೆ. ತಾಯಿಯಿಲ್ಲದ ಮಗುವಿನ ಅಳಲಿನ ಗೀತೆಯಲ್ಲಿ ಅವನು ದುಃಖವನ್ನು ಉಬ್ಬಿಸುವುದಿಲ್ಲ; ಅದರ ಪಕ್ಕದಲ್ಲಿ ಸುಮ್ಮನೆ ಕುಳಿತಿರುತ್ತಾನೆ. ದೋಷವಿಲ್ಲವೆ? ಇದೆ. ಒಂದೇ ನುಡಿಗಟ್ಟನ್ನು ಹಿಡಿದು ಮತ್ತೆ ಮತ್ತೆ ತಿರುಗಿಸುವ ಚಾಳಿ ಕೆಲವೆಡೆ ಅತಿಯಾಗುತ್ತದೆ. ಆದರೆ ಜಪಸರ ಹಿಡಿದವರಿಗೆ ಪುನರಾವೃತ್ತಿ ಅಷ್ಟೇನೂ ಬೇಸರ ತರಲಾರದು.

ವೆಸ್ ಮಾಂಟ್‌ಗೊಮರಿ, ಜೋ ಪಾಸ್ ಮೊದಲಾದವರ ಹೆಸರು ಗಿಟಾರ್ ಕಲಿತವರಿಗೆ ಗೊತ್ತೇ ಇದೆ. ಅವರ ಕುರಿತು ವಿಸ್ತರಿಸುವುದಿಲ್ಲ. ನಮ್ಮ ಗಾಯನ ಮಂಡಳಿಗಳಿಗೆ ಹೆಚ್ಚು ಉಪಯುಕ್ತನು ಫ್ರೆಡ್ಡಿ ಗ್ರೀನ್. 1937ರಲ್ಲಿ ಕೌಂಟ್ ಬೇಸಿಯ ವಾದ್ಯವೃಂದಕ್ಕೆ ಸೇರಿ 1987ರಲ್ಲಿ ಸಾಯುವವರೆಗೂ ಅಲ್ಲೇ ಇದ್ದವನು. ಸುಮಾರು ಐವತ್ತು ವರ್ಷ ನಾಲ್ಕು ಪೆಟ್ಟುಗಳ ತಾಳ. ಒಂಟಿಯಾಗಿ ನುಡಿಸಿದ್ದು ತೀರಾ ವಿರಳ. ತಟ್ಟೆ ಹಾಕಿದಾಗ ಅವನ ಗಿಟಾರ್ ಕೇಳಿಸುವುದೂ ಕಷ್ಟ. ಆದರೆ ಹಿತ್ತಾಳೆ ವಾದ್ಯಗಳ ಅಬ್ಬರವೆಲ್ಲ ನಿಂತಿರುವುದು ಅದರ ಮೇಲೆ.

ಈ ಸಂಗೀತ ನಮ್ಮಿಂದ ಬಹುದೂರದ್ದೂ ಅಲ್ಲ. ಕ್ರಿಸ್ ಪೆರ್ರಿಯವರು ಜಾಝ್ ಬೆರೆಸಿ ರಚಿಸಿ, ಲೋರ್ನಾ ಹಾಡಿದ ಕೊಂಕಣಿ ಹಾಡುಗಳ ಮೂಲಕ ಅದು ಹೆಸರು ಹೇಳದೆಯೇ ಕರಾವಳಿಯ ಮನೆಗಳನ್ನು ಹೊಕ್ಕಿದೆ. ಬೆಂಗಳೂರಿನಲ್ಲಿ ಹುಟ್ಟಿದ ಕಾರ್ಲ್‌ಟನ್ ಕಿಟ್ಟೊ ತಟ್ಟೆಗಳನ್ನು ಕೇಳಿ ಕೇಳಿಯೇ ಜಾಝ್ ಗಿಟಾರ್ ಕಲಿತು, ಕೊಲ್ಕತ್ತೆಯಲ್ಲಿ ನೆಲೆಸಿ, ದಶಕಗಳ ಕಾಲ ನುಡಿಸುತ್ತ, ಕಲಿಸುತ್ತ 2016ರಲ್ಲಿ ತೀರಿಕೊಂಡರು. ಸುಶೀಲ್ ಕುರಿಯನ್ ಅವರ ಕುರಿತು ಸಾಕ್ಷ್ಯಚಿತ್ರ ಮಾಡಿದರು. ಆದರೆ ಅವರ ಪ್ರಾಯದ ದಿನಗಳ ನಾದವನ್ನು ಹಿಡಿದಿಟ್ಟ ತಟ್ಟೆಗಳನ್ನು ಹುಡುಕಹೊರಟವರ ಕೈ ಬಹುಪಾಲು ಬರಿದೇ. ಅಮೆರಿಕದ ಇಪ್ಪತ್ತೈದರ ಹುಡುಗ ಉಳಿದ, ನಮ್ಮ ಎಪ್ಪತ್ತು ದಾಟಿದ ಹಿರಿಯರು ಉಳಿಯಲಿಲ್ಲ. ಇದು ಪ್ರತಿಭೆಯ ತಾರತಮ್ಯವಲ್ಲ. ಮುದ್ರಣಯಂತ್ರ ಯಾರ ಮುಂದೆ ಇತ್ತು ಎಂಬುದರ ಲೆಕ್ಕ.

ಆದುದರಿಂದ ಅಟ್ಟದಲ್ಲಿ ಹಳೆಯ ತಟ್ಟೆಗಳಿದ್ದರೆ, ಯಾವ ಭಾಷೆಯವೇ ಆಗಲಿ, ಗುಜರಿಯವನಿಗೆ ಕೊಡುವ ಮೊದಲು ಕೆಳಗಿಳಿಸಿ ನೋಡಿ. ಹಂಚಿನಡಿಯ ಸೆಕೆಗೆ ಅವು ಬಾಗುತ್ತವೆ. ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನಿಲ್ಲಿಸಿಡಬೇಕು. ನಮ್ಮ ಮಳೆಗಾಲ ಕಾಗದದ ಹೊದಿಕೆಗೆ ಬೂಷ್ಟು ಹಿಡಿಸದೆ ಬಿಡದು. ಅರಗಿನ ತಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಿದರೆ ಅರಗೇ ಕರಗುತ್ತದೆ. ಒದ್ದೆಯ ಮೆದು ಬಟ್ಟೆ ಸಾಕು. ಗ್ರಾಮಫೋನಿನ ಉಕ್ಕಿನ ಮುಳ್ಳನ್ನು ದೀರ್ಘವಾದನದ ತಟ್ಟೆಯ ಮೇಲಿಟ್ಟರೆ ಅದರ ಗೆರೆಗಳು ಮತ್ತೆ ಸರಿಯಾಗವು. ಇನ್ನು ಗಾಯನ ಮಂಡಳಿಯಲ್ಲಿ ಗಿಟಾರ್ ಹಿಡಿದ ಹಿರಿಯರು ನಿಮ್ಮ ವಾಳೆಯಲ್ಲಿದ್ದರೆ, ಕೈಯ ಮೊಬೈಲಿನಲ್ಲೇ ಆಗಲಿ, ಅವರ ನಾಲ್ಕು ಹಾಡುಗಳನ್ನು ಈ ಮಳೆಗಾಲಕ್ಕೆ ಮೊದಲೇ ಮುದ್ರಿಸಿಕೊಳ್ಳಿ.